ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿಯ ಮಾಹಿತಿ: ಗಡಿನಾಡ ಕನ್ನಡ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನ ಹೊಸ್ತಿಲಲ್ಲಿರುವ ಮಕ್ಕಳ ಮನೆಗಳಲ್ಲಿ ಪ್ರತಿವರ್ಷವೂ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಶುಲ್ಕಕ್ಕೆ ಹಣವನ್ನು ಎಲ್ಲಿಂದ ಹೊಂದಿಸುವುದು ಎಂಬುದು ಮೊದಲನೆಯದು. ಅರ್ಜಿಗಾಗಿ ಕೇಳುವ ಆಧಾರ್, ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕ ಇವೆಲ್ಲವನ್ನೂ ಯಾರ ಕೈಗೆ, ಯಾವ ಭರವಸೆಯ ಮೇಲೆ ಕೊಡುವುದು ಎಂಬುದು ಎರಡನೆಯದು. ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಯ ಅವಸರದಲ್ಲಿ ಎರಡನೆಯದು ಮರೆತುಹೋಗುತ್ತದೆ. ಆದರೆ ಇವು ಬೇರೆ ಬೇರೆ ವಿಷಯಗಳಲ್ಲ. ವಿದ್ಯಾರ್ಥಿಯ ಮಾಹಿತಿ ಬೇರೆಯವರ ಕೈಸೇರಿದರೆ ಅವನ ಹೆಸರಿನ ಹಣವೂ ಬೇರೆಯವರ ಕೈಸೇರಬಹುದು. ಅದೇ ಮಾಹಿತಿಯಲ್ಲಿ ಒಂದು ಅಕ್ಷರ ತಪ್ಪಿದರೆ ಹಣ ಬಾರದೆಯೇ ಹೋಗಬಹುದು. ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಆದೋನಿಯವರೆಗೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಎರಡೂ ವಿಷಯಗಳಲ್ಲಿ ಅನ್ವಯಿಸುವ ಮುಖ್ಯ ನಿಯಮಗಳನ್ನು ಇಲ್ಲಿ ಒಂದೆಡೆ ಸಂಗ್ರಹಿಸಲಾಗಿದೆ.

ಎರಡನ್ನೂ ಒಟ್ಟಿಗೆ ನೋಡಬೇಕಾದ ಕಾರಣ

2023ರಲ್ಲಿ ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ವಿದ್ಯಾರ್ಥಿವೇತನಗಳಲ್ಲಿ ನಡೆದ ದೊಡ್ಡ ಅವ್ಯವಹಾರವೊಂದು ಬೆಳಕಿಗೆ ಬಂತು. ಪರಿಶೀಲನೆಗೆ ಒಳಪಟ್ಟ 1,572 ಸಂಸ್ಥೆಗಳಲ್ಲಿ 830 ಸಂಸ್ಥೆಗಳು ನಕಲಿ, ಮುಚ್ಚಿಹೋದ ಅಥವಾ ಅಕ್ರಮದಲ್ಲಿ ತೊಡಗಿದ ಸಂಸ್ಥೆಗಳೆಂದು ಕಂಡುಬಂದವು. 2017-18ರಿಂದ 2021-22ರವರೆಗಿನ ಐದು ವರ್ಷಗಳಲ್ಲಿ ಆದ ನಷ್ಟ ₹144 ಕೋಟಿಗೂ ಅಧಿಕವೆಂದು ಅಂದಾಜಿಸಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಲಾಯಿತು. ಇಂತಹ ವಂಚನೆಗೆ ಬೇಕಾಗುವ ಬಂಡವಾಳ ಬಹಳ ಕಡಿಮೆ: ಒಂದಿಷ್ಟು ಹೆಸರುಗಳು, ಗುರುತಿನ ಸಂಖ್ಯೆಗಳು, ಬ್ಯಾಂಕ್ ಖಾತೆಗಳು. ಯಾರದೋ ಹೆಸರಿನಲ್ಲಿ ಅರ್ಜಿ ಸಲ್ಲಿಕೆಯಾದರೆ, ನಿಜವಾದ ವಿದ್ಯಾರ್ಥಿ ಅರ್ಜಿ ಹಾಕಲು ಹೋದಾಗ 'ಈಗಾಗಲೇ ಅರ್ಜಿ ಇದೆ' ಎಂಬ ಉತ್ತರ ಎದುರಾಗುತ್ತದೆ.

ಸಂಗ್ರಹಿಸಿದ ಮಾಹಿತಿಯನ್ನು ಸರಿಯಾಗಿ ಕಾಯದಿದ್ದಾಗಲೂ ಅಪಾಯವುಂಟು. ಶಾಲಾ ಶಿಕ್ಷಣಕ್ಕಾಗಿ ಕೇಂದ್ರ ಸರಕಾರ ನಡೆಸುವ ದೀಕ್ಷಾ ಆ್ಯಪ್‌ಗೆ ಸಂಬಂಧಿಸಿದ ಮಾಹಿತಿ ರಕ್ಷಣೆಯಿಲ್ಲದ ಸರ್ವರ್‌ನಲ್ಲಿ ತೆರೆದುಕೊಂಡಿತ್ತೆಂದು 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ವರದಿ ಮಾಡಿತು. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಮತ್ತು ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳಿದ್ದವು. ಸರಕಾರಿ ವ್ಯವಸ್ಥೆಯೆಂಬ ಕಾರಣಕ್ಕೆ ಮಾಹಿತಿ ತಾನಾಗಿಯೇ ಸುರಕ್ಷಿತವೆಂದು ಭಾವಿಸಲಾಗದು. ಹಾಗೆಂದು ಭಯದಿಂದ ಅರ್ಜಿಯನ್ನೇ ಹಾಕದಿರುವುದೂ ಸರಿಯಲ್ಲ. ಬೇಕಾದುದನ್ನು ಬೇಕಾದವರಿಗಷ್ಟೇ ಕೊಡುವುದು, ಕೊಟ್ಟುದಕ್ಕೆ ಲೆಕ್ಕವಿಡುವುದು ಸರಿಯಾದ ದಾರಿ.

'ಭಾಷಾ ಅಲ್ಪಸಂಖ್ಯಾತ' ಎಂಬುದರ ಅರ್ಥ

ನಮ್ಮ ಪ್ರದೇಶಗಳಲ್ಲಿ ಪದೇ ಪದೇ ಕಾಣುವ ಒಂದು ಗೊಂದಲವನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ವಿದ್ಯಾರ್ಥಿವೇತನಗಳು ಧಾರ್ಮಿಕ ಅಲ್ಪಸಂಖ್ಯಾತರಿಗಾಗಿ ಇರುವಂಥವು. ಅಂದರೆ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಮತ್ತು ಜೈನ ಸಮುದಾಯಗಳಿಗೆ ಅವು ಅನ್ವಯಿಸುತ್ತವೆ. ಕನ್ನಡ ಮಾತೃಭಾಷೆಯಾಗಿದೆ, ಕೇರಳದಲ್ಲೋ ಮಹಾರಾಷ್ಟ್ರದಲ್ಲೋ ನಾವು ಅಲ್ಪಸಂಖ್ಯಾತರು ಎಂಬ ಆಧಾರದ ಮೇಲೆ ಮಾತ್ರ ಅವುಗಳಿಗೆ ಅರ್ಹತೆ ದೊರೆಯುವುದಿಲ್ಲ. ಅರ್ಜಿಯ 'ಅಲ್ಪಸಂಖ್ಯಾತ' ಕಾಲಂನಲ್ಲಿ ತಪ್ಪಾಗಿ 'ಹೌದು' ಎಂದು ಗುರುತಿಸಿದರೆ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ಸಚಿವಾಲಯದ ಯೋಜನೆ ಆ ವರ್ಷಕ್ಕೆ ತೆರೆದಿದೆಯೇ ಎಂಬುದನ್ನೂ ಅರ್ಹರು ಪೋರ್ಟಲಿನಲ್ಲಿ ನೋಡಿಕೊಳ್ಳಬೇಕು.

ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನ ನೀಡಿರುವ ರಕ್ಷಣೆಗಳು ಬೇರೆ ಬಗೆಯವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು 350ಎ ವಿಧಿಯೂ, ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸಬೇಕೆಂದು 350ಬಿ ವಿಧಿಯೂ ಹೇಳುತ್ತವೆ. ಇವೆರಡೂ 1956ರ ಏಳನೆಯ ತಿದ್ದುಪಡಿಯಿಂದ ಸೇರಿದವು. ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ಅಧಿಕಾರಿಗೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಪ್ರತಿಯೊಬ್ಬರಿಗೂ ನೀಡಿದೆ. ವಿದ್ಯಾರ್ಥಿವೇತನದ ದೂರನ್ನು ಕನ್ನಡದಲ್ಲಿ ಬರೆಯುವುದಕ್ಕೆ ಇದೇ ಆಧಾರ.

ಕೇಂದ್ರ ಸರಕಾರದ ಮುಖ್ಯ ನೆರವುಗಳು

ಈ ಕೆಳಗಿನವುಗಳಿಗೆ ಮಾತೃಭಾಷೆಯಾಗಲಿ ಓದಿದ ಮಾಧ್ಯಮವಾಗಲಿ ಅಡ್ಡಿಯಲ್ಲ. ಶಿಕ್ಷಣ ಸಾಲವೊಂದನ್ನು ಬಿಟ್ಟು ಉಳಿದವುಗಳಲ್ಲಿ ಹೆಚ್ಚಿನವು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನ ಮೂಲಕ ನಡೆಯುತ್ತವೆ.

1. ರಾಷ್ಟ್ರೀಯ ಆದಾಯ ಸಹಿತ ಪ್ರತಿಭಾ ವಿದ್ಯಾರ್ಥಿವೇತನ: ಸರಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಎಂಟನೆಯ ತರಗತಿ ಓದುತ್ತಿರುವವರು ಪರೀಕ್ಷೆ ಬರೆಯಬಹುದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ₹12,000 ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ₹3.5 ಲಕ್ಷ ಮೀರಿರಬಾರದು. ಕಾಲೇಜಿನ ಸಿದ್ಧತೆ ಇಲ್ಲಿಂದಲೇ ಆರಂಭವಾದರೆ ಒಳಿತು. ಆಧಾರ್, ಬ್ಯಾಂಕ್ ಖಾತೆ, ಹೆಸರಿನ ತಿದ್ದುಪಡಿ ಎಲ್ಲವೂ ಮುಂಚಿತವಾಗಿ ಸರಿಯಾಗುತ್ತವೆ.

2. ಪಿಎಂ-ಯುಎಸ್‌ಪಿ ಕೇಂದ್ರೀಯ ವಲಯ ವಿದ್ಯಾರ್ಥಿವೇತನ: ಹನ್ನೆರಡನೆಯ ತರಗತಿಯಲ್ಲಿ ತಮ್ಮ ಪರೀಕ್ಷಾ ಮಂಡಳಿಯ ತಮ್ಮ ವಿಭಾಗದಲ್ಲಿ ಉತ್ತೀರ್ಣರಾದವರ ಪೈಕಿ 80ನೆಯ ಪರ್ಸೆಂಟೈಲ್‌ಗಿಂತ ಮೇಲಿರುವವರು, ಕುಟುಂಬದ ಆದಾಯ ₹4.5 ಲಕ್ಷದೊಳಗಿದ್ದರೆ ಅರ್ಹರು. ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ. ನೂರು ಮಂದಿಯಲ್ಲಿ ಮೇಲಿನ ಇಪ್ಪತ್ತು ಮಂದಿಯೊಳಗೆ ಬರುವುದು ಎಂದರ್ಥ. ಆದುದರಿಂದ 80 ಶೇಕಡಾ ಅಂಕ ಬಂದಿಲ್ಲವೆಂದು ಪ್ರಯತ್ನ ಬಿಡಬಾರದು. ಮಂಡಳಿಯು ಪ್ರಕಟಿಸುವ ಕನಿಷ್ಠ ಅಂಕವನ್ನು ನೋಡಬೇಕು. ಪದವಿಯ ಮೊದಲ ಮೂರು ವರ್ಷಗಳಲ್ಲಿ ವರ್ಷಕ್ಕೆ ₹12,000, ಸ್ನಾತಕೋತ್ತರ ಹಂತದಲ್ಲಿ ₹20,000 ದೊರೆಯುತ್ತದೆ. ದೇಶಾದ್ಯಂತ ವರ್ಷಕ್ಕೆ ಗರಿಷ್ಠ 82,000 ಹೊಸ ವಿದ್ಯಾರ್ಥಿವೇತನಗಳಿದ್ದು ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ನವೀಕರಣಕ್ಕೆ ಪ್ರತಿವರ್ಷ ಕನಿಷ್ಠ 50 ಶೇಕಡಾ ಅಂಕ ಮತ್ತು 75 ಶೇಕಡಾ ಹಾಜರಿ ಬೇಕು.

3. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ: ಕೇಂದ್ರದ ಯೋಜನೆಯಲ್ಲಿ ಕುಟುಂಬದ ಆದಾಯದ ಮಿತಿ ₹2.5 ಲಕ್ಷ. ವಿದ್ಯಾರ್ಥಿ ಯಾವ ರಾಜ್ಯದ ಖಾಯಂ ನಿವಾಸಿಯೋ ಆ ರಾಜ್ಯದ ಮೂಲಕವೇ ಇದು ಬರುತ್ತದೆ.

4. ಪ್ರಗತಿ ವಿದ್ಯಾರ್ಥಿವೇತನ: ಎಐಸಿಟಿಇ ಮಾನ್ಯತೆಯ ಸಂಸ್ಥೆಗಳಲ್ಲಿ ತಾಂತ್ರಿಕ ಪದವಿ ಅಥವಾ ಡಿಪ್ಲೊಮಾಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ ₹50,000. ಆದಾಯದ ಮಿತಿ ₹8 ಲಕ್ಷ. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ದೊರೆಯುತ್ತದೆ.

5. ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ: 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಯೋಜನೆ. ರಾಷ್ಟ್ರೀಯ ಶ್ರೇಯಾಂಕದ ಆಧಾರದಲ್ಲಿ ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಆದಾಯ ₹8 ಲಕ್ಷದೊಳಗಿದ್ದು ಬೇರೆ ಸರಕಾರಿ ನೆರವು ಪಡೆಯದವರಿಗೆ ₹10 ಲಕ್ಷದವರೆಗಿನ ಸಾಲದ ಮೇಲೆ, ಮರುಪಾವತಿ ಆರಂಭವಾಗುವ ಮುನ್ನಿನ ಅವಧಿಯಲ್ಲಿ 3 ಶೇಕಡಾ ಬಡ್ಡಿ ರಿಯಾಯಿತಿಗೆ ಅವಕಾಶವಿದೆ. ಇದಕ್ಕೆ ಪ್ರತ್ಯೇಕ ಪೋರ್ಟಲ್ ಇದೆ.

ರಾಜ್ಯಗಳ ವ್ಯವಸ್ಥೆ

ಕೇರಳದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಶುಲ್ಕ ರಿಯಾಯಿತಿ ಹಾಗೂ ಭತ್ಯೆಗಳು ಇ-ಗ್ರಾಂಟ್ಸ್ ಪೋರ್ಟಲಿನ ಮೂಲಕ ನಡೆಯುತ್ತವೆ. ಆದಾಯ ಪ್ರಮಾಣಪತ್ರವನ್ನು ಗ್ರಾಮಾಧಿಕಾರಿಯ ಕಚೇರಿಯಿಂದ ಪಡೆಯಬೇಕು.

ಮಹಾರಾಷ್ಟ್ರದಲ್ಲಿ ಮಹಾಡಿಬಿಟಿ ಪೋರ್ಟಲ್ ಇದೆ. ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆಯಲ್ಲಿ ₹8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ ಬೋಧನಾ ಶುಲ್ಕದ ಅರ್ಧ ಭಾಗದ ನೆರವಿದೆ. ಅದೇ ಆದಾಯ ಮಿತಿಯೊಳಗಿನ ಇತರ ಹಿಂದುಳಿದ ವರ್ಗ, ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗಗಳ ಹೆಣ್ಣುಮಕ್ಕಳಿಗೆ ಕೇಂದ್ರೀಕೃತ ಪ್ರವೇಶದ ವೃತ್ತಿಪರ ಕೋರ್ಸುಗಳಲ್ಲಿ 2024-25ರಿಂದ ಪೂರ್ಣ ಶುಲ್ಕ ವಿನಾಯಿತಿ ಜಾರಿಗೆ ಬಂದಿದೆ.

ತಮಿಳುನಾಡಿನಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ ₹1,000 ನೀಡುವ ಪುದುಮೈ ಪೆಣ್ ಯೋಜನೆ 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಗಂಡುಮಕ್ಕಳಿಗಾಗಿ ತಮಿಳ್ ಪುದಲ್ವನ್ ಯೋಜನೆ 2024ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅನುದಾನಿತ ಶಾಲೆಗಳ ವಿಷಯದಲ್ಲಿ ತಮಿಳು ಮಾಧ್ಯಮದ ಷರತ್ತು ಇರುವುದರಿಂದ, ಅನುದಾನಿತ ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಹತೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಆಂಧ್ರಪ್ರದೇಶದ ಶುಲ್ಕ ಮರುಪಾವತಿ ಜ್ಞಾನಭೂಮಿ ಪೋರ್ಟಲಿನ ಮೂಲಕ, ತೆಲಂಗಾಣದ್ದು ಇ-ಪಾಸ್ ಪೋರ್ಟಲಿನ ಮೂಲಕ ನಡೆಯುತ್ತದೆ. ಗೋವಾದಲ್ಲಿ ಗೋವಾ ಶಿಕ್ಷಣ ಅಭಿವೃದ್ಧಿ ನಿಗಮದ ಬಡ್ಡಿರಹಿತ ಶಿಕ್ಷಣ ಸಾಲದ ಯೋಜನೆಯಿದೆ. ಸರಕಾರ ಬದಲಾದಂತೆ ಯೋಜನೆಗಳ ಹೆಸರು, ಆದಾಯ ಮಿತಿ ಬದಲಾಗುವುದುಂಟು. ಅರ್ಜಿ ಹಾಕುವ ವರ್ಷದ ಪ್ರಕಟಣೆಯೇ ಅಂತಿಮ.

ಗಡಿ ದಾಟಿ ಓದುವ ಮುನ್ನ

ಕನ್ನಡದಲ್ಲಿ ಮುಂದುವರಿಯುವ ಆಸೆಯಿಂದ ಹತ್ತನೆಯ ತರಗತಿಯ ಬಳಿಕ ಮಂಗಳೂರು, ವಿಜಯಪುರ, ಚಾಮರಾಜನಗರ, ಬಳ್ಳಾರಿಯ ಕಡೆಗೆ ಹೋಗುವ ಮಕ್ಕಳು ಅನೇಕರು. ಅದು ಸಹಜವಾದ ಆಯ್ಕೆ. ಆದರೆ ಅದರ ಆರ್ಥಿಕ ಪರಿಣಾಮವನ್ನು ಮೊದಲೇ ಅರಿಯಬೇಕು.

ತಾಳವಾಡಿಯ ಸರಕಾರಿ ಶಾಲೆಯ ವಿದ್ಯಾರ್ಥಿನಿ ಹತ್ತನೆಯ ತರಗತಿಯ ನಂತರ ಕರ್ನಾಟಕದ ಪಿಯು ಕಾಲೇಜಿಗೆ ಸೇರಿದರೆ, 'ಆರರಿಂದ ಹನ್ನೆರಡರವರೆಗೆ ತಮಿಳುನಾಡಿನ ಸರಕಾರಿ ಶಾಲೆ' ಎಂಬ ಷರತ್ತು ಮುರಿಯುತ್ತದೆ. ಮಾಸಿಕ ನೆರವಿನೊಂದಿಗೆ, ಸರಕಾರಿ ಶಾಲಾ ವಿದ್ಯಾರ್ಥಿಗಳಿಗೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಆ ರಾಜ್ಯ ನೀಡುವ 7.5 ಶೇಕಡಾ ಮೀಸಲಾತಿಯೂ ಕೈತಪ್ಪುತ್ತದೆ.

ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವಿಭಾಗವಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳೂ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಅದು ಸೀಟಿಗೆ ಸಂಬಂಧಿಸಿದ ಅರ್ಹತೆ. ಸೀಟು ದೊರೆತ ಮಾತ್ರಕ್ಕೆ ಕರ್ನಾಟಕದ ವಿದ್ಯಾರ್ಥಿವೇತನವೂ ದೊರೆಯುತ್ತದೆಂದು ಎಣಿಸಬಾರದು; ಅದಕ್ಕೆ ವಾಸಸ್ಥಳದ ಷರತ್ತುಗಳು ಬೇರೆ ಇರುತ್ತವೆ.

ಜಾತಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಸಂವಿಧಾನದ 341 ಮತ್ತು 342ನೆಯ ವಿಧಿಗಳ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ರಾಜ್ಯವಾರು. ಒಂದು ರಾಜ್ಯದ ಪಟ್ಟಿಯಲ್ಲಿರುವ ಸಮುದಾಯ ನೆರೆಯ ರಾಜ್ಯದ ಪಟ್ಟಿಯಲ್ಲಿ ಇಲ್ಲದಿರಬಹುದು, ಅಥವಾ ಬೇರೆ ಹೆಸರಿನಲ್ಲಿರಬಹುದು. ಸಂಬಂಧಿಕರ ಮಕ್ಕಳಿಗೆ ಗಡಿಯಾಚೆ ದೊರೆತ ಸೌಲಭ್ಯ ನಮ್ಮ ಮಕ್ಕಳಿಗೂ ದೊರೆಯುವುದೆಂದು ಹೇಳಲಾಗದು.

ಒಂದೇ ಹೆಸರು, ಮೂರು ಲಿಪಿ

ಗಡಿನಾಡಿನ ಮಕ್ಕಳ ಅರ್ಜಿಗಳಿಗೆ ಎದುರಾಗುವ ತೊಡಕುಗಳಲ್ಲಿ ಹೆಸರಿನದು ಮುಖ್ಯ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಕನ್ನಡದಲ್ಲಿರುತ್ತದೆ. ಆಧಾರ್‌ನಲ್ಲಿ ಅದು ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತದೆ. ಅಂಕಪಟ್ಟಿಯಲ್ಲಿ ಮತ್ತೊಂದು ಇಂಗ್ಲಿಷ್ ಕಾಗುಣಿತವಿರುತ್ತದೆ. ತಮಿಳು ಲಿಪಿಯಲ್ಲಿ ಕ-ಗ, ಪ-ಬ-ಭ ಇವುಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲದ ಕಾರಣ 'ಭಾಗ್ಯ' ಎಂಬ ಹೆಸರು ತಮಿಳಿನ ಮೂಲಕ ಇಂಗ್ಲಿಷಿಗೆ ಹೋದಾಗ 'ಪಾಕ್ಯ' ಎಂದಾಗುವುದುಂಟು. ಮಹಾರಾಷ್ಟ್ರದ ಪದ್ಧತಿಯಲ್ಲಿ ಅಡ್ಡಹೆಸರು ಮೊದಲು ಬರುತ್ತದೆ. ತಮಿಳುನಾಡು, ಕೇರಳಗಳಲ್ಲಿ ತಂದೆಯ ಅಥವಾ ಮನೆತನದ ಹೆಸರು ಒಂದೆರಡು ಇನಿಷಿಯಲ್ ಆಗಿ ಉಳಿಯುತ್ತದೆ. ಮನುಷ್ಯರಿಗೆ ಇದು ಒಂದೇ ಹೆಸರು. ಗಣಕಯಂತ್ರಕ್ಕೆ ಮೂವರು ಬೇರೆ ಬೇರೆ ವ್ಯಕ್ತಿಗಳು.

ಇದನ್ನು ಸರಿಪಡಿಸಲು ಉತ್ತಮ ಕಾಲ ಹತ್ತನೆಯ ತರಗತಿಯ ಪರೀಕ್ಷಾ ಅಭ್ಯರ್ಥಿಗಳ ಪಟ್ಟಿ ಶಾಲೆಯಿಂದ ಮಂಡಳಿಗೆ ಹೋಗುವ ಮುನ್ನ. ಆ ಪಟ್ಟಿಯ ಪ್ರತಿಯನ್ನು ಪೋಷಕರು ಕೇಳಿ ನೋಡಬೇಕು. ಹೆಸರು, ಜನ್ಮದಿನಾಂಕ, ತಂದೆತಾಯಿಯರ ಹೆಸರುಗಳನ್ನು ಆಧಾರ್‌ನೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ಬದಲಾಯಿಸಲು ಅವಕಾಶವಿದೆ. ಆದುದರಿಂದ ಯಾವ ದಾಖಲೆಯನ್ನು ತಿದ್ದಬೇಕೆಂಬುದನ್ನು ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಿ ನಿರ್ಧರಿಸಿದ ಬಳಿಕವೇ ಕೇಂದ್ರಕ್ಕೆ ಹೋಗಬೇಕು. 15ನೆಯ ವಯಸ್ಸಿಗೆ ಮಾಡಿಸಬೇಕಾದ ಬೆರಳಚ್ಚು, ಕಣ್ಣಿನ ಗುರುತಿನ ನವೀಕರಣವನ್ನೂ ಅದೇ ಸಮಯದಲ್ಲಿ ಮುಗಿಸಿಕೊಳ್ಳಬಹುದು.

ಮಾಹಿತಿಯ ಬಗ್ಗೆ ಕಾನೂನು ಏನು ಹೇಳುತ್ತದೆ

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಮರುವರ್ಷ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಸರಕಾರದ ಸಂಚಿತ ನಿಧಿಯಿಂದ ನೀಡುವ ಸಹಾಯಧನಗಳಿಗೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು. ಆಧಾರ್ ಸಂಖ್ಯೆ ಇನ್ನೂ ದೊರೆಯದವರಿಗೆ ಬೇರೆ ಗುರುತಿನ ದಾರಿಯನ್ನು ಒದಗಿಸಬೇಕೆಂದು ಆಧಾರ್ ಕಾಯಿದೆಯ 7ನೆಯ ಕಲಮು ಹೇಳುತ್ತದೆ. ಶಾಲೆಗೆ ಸೇರಿಸುವುದು ಮತ್ತು ವಿದ್ಯಾರ್ಥಿವೇತನ ಪಡೆಯುವುದು ಈ ವಿಷಯದಲ್ಲಿ ಬೇರೆ ಬೇರೆ ಎಂಬುದನ್ನು ಪೋಷಕರು ನೆನಪಿಡಬೇಕು.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ತಂದೆ, ತಾಯಿ ಅಥವಾ ಪಾಲಕರ ದೃಢಪಡಿಸಬಹುದಾದ ಸಮ್ಮತಿ ಬೇಕು. ಮಕ್ಕಳ ಚಲನವಲನವನ್ನು ಹಿಂಬಾಲಿಸುವುದು, ಅವರನ್ನು ಗುರಿಯಾಗಿಸಿ ಜಾಹೀರಾತು ನೀಡುವುದು ನಿಷಿದ್ಧ. ಶಿಕ್ಷಣ ಸಂಸ್ಥೆಗಳಿಗೆ ಬೋಧನೆ ಮತ್ತು ಸುರಕ್ಷತೆಯ ಉದ್ದೇಶಕ್ಕೆ ಸೀಮಿತ ವಿನಾಯಿತಿಗಳಿವೆ. ತನ್ನ ಯಾವ ಮಾಹಿತಿ ಸಂಸ್ಥೆಯಲ್ಲಿದೆ ಎಂದು ಕೇಳುವ, ತಪ್ಪನ್ನು ತಿದ್ದಿಸುವ, ಅಗತ್ಯ ಮುಗಿದ ಮಾಹಿತಿಯನ್ನು ಅಳಿಸಲು ಹೇಳುವ, ಕೊಟ್ಟ ಸಮ್ಮತಿಯನ್ನು ಹಿಂಪಡೆಯುವ ಹಕ್ಕುಗಳನ್ನೂ ಕಾಯಿದೆ ನೀಡುತ್ತದೆ. ಸುರಕ್ಷತೆಯಲ್ಲಿ ವಿಫಲವಾದ ಸಂಸ್ಥೆಗೆ ₹250 ಕೋಟಿಯವರೆಗೆ ದಂಡ ವಿಧಿಸಲು ಅವಕಾಶವಿದೆ.

ಕನ್ನಡ ಕುಟುಂಬಗಳಿಗೆ ವಿಶೇಷವಾಗಿ ಉಪಯುಕ್ತವಾದ ಒಂದು ನಿಯಮ ಇದೇ ಕಾಯಿದೆಯಲ್ಲಿದೆ. ಸಮ್ಮತಿ ಕೇಳುವಾಗ ನೀಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಈ ಹಕ್ಕು ರಾಜ್ಯದ ಗಡಿಯನ್ನು ಅವಲಂಬಿಸಿಲ್ಲ. ಸೊಲ್ಲಾಪುರದಲ್ಲಿ ಇರಲಿ, ಮಡಕಶಿರದಲ್ಲಿ ಇರಲಿ, ಸಮ್ಮತಿಪತ್ರವನ್ನು ಕನ್ನಡದಲ್ಲಿ ಕೇಳಬಹುದು. ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಅಂದರೆ ಅವು ಪೂರ್ಣವಾಗಿ ಅನ್ವಯವಾಗುವುದು 2027ರ ಮೇ ತಿಂಗಳಿನಿಂದ. ಅಲ್ಲಿಯವರೆಗೂ ಕೇಳುವುದಕ್ಕೆ ಅಡ್ಡಿಯಿಲ್ಲ.

ಒಂದು ಮಿತಿಯನ್ನೂ ತಿಳಿದಿರಬೇಕು. ಸಹಾಯಧನ, ಪ್ರಮಾಣಪತ್ರ ಮುಂತಾದವುಗಳನ್ನು ನೀಡಲು ಸರಕಾರವು ಕೆಲವು ಸಂದರ್ಭಗಳಲ್ಲಿ ಹೊಸದಾಗಿ ಸಮ್ಮತಿ ಕೇಳದೆಯೂ ಮಾಹಿತಿಯನ್ನು ಬಳಸಬಹುದು. ಹಾಗೆ ಬಳಸುವಾಗ ನಿಗದಿತ ಮಾನದಂಡಗಳನ್ನು ಪಾಲಿಸಬೇಕಾಗುತ್ತದೆ.

ಶಾಲೆಗಳಲ್ಲಿ ಕೇಳುವ 'ಅಪಾರ್' ಎಂಬ 12 ಅಂಕಿಗಳ ವಿದ್ಯಾರ್ಥಿ ಗುರುತು ಸಂಖ್ಯೆಯು ಪೋಷಕರ ಸಮ್ಮತಿಯ ಮೇಲೆ ನಿಂತಿರುವ ವ್ಯವಸ್ಥೆ. ಸಮ್ಮತಿಪತ್ರವನ್ನು ಓದಿ, ಅರ್ಥವಾಗದಿದ್ದರೆ ಕನ್ನಡದಲ್ಲಿ ವಿವರಿಸಲು ಕೇಳಿ, ಅನಂತರವೇ ಸಹಿ ಹಾಕಬೇಕು.

ಕೊಡಬೇಕಾದದ್ದು, ಕೊಡಬಾರದದ್ದು

ಅಧಿಕೃತ ಪೋರ್ಟಲಿನಲ್ಲಿ ಅರ್ಜಿ ಸಲ್ಲಿಸುವಾಗ ಆಧಾರ್ ಸಂಖ್ಯೆ, ಆದಾಯ ಮತ್ತು ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಶುಲ್ಕದ ರಶೀದಿ, ವಿದ್ಯಾರ್ಥಿಯ ಬ್ಯಾಂಕ್ ಖಾತೆಯ ವಿವರ ಕೊಡಬೇಕಾಗುತ್ತದೆ. ಇವುಗಳ ಹೊರತು:

• ಒಂದು ಬಾರಿಯ ಸಂಕೇತ ಸಂಖ್ಯೆಯನ್ನು, ಅಂದರೆ ಓಟಿಪಿಯನ್ನು, ದೂರವಾಣಿಯಲ್ಲಿ ಯಾರಿಗೂ ಹೇಳಬಾರದು. 'ವಿದ್ಯಾರ್ಥಿವೇತನ ಮಂಜೂರಾಗಿದೆ, ಸಂಖ್ಯೆ ಹೇಳಿ' ಎನ್ನುವ ಕರೆ ಯಾವ ಭಾಷೆಯಲ್ಲಿ ಬಂದರೂ ವಂಚನೆಯೇ.

• ಎಟಿಎಂ ಕಾರ್ಡಿನ ಸಂಖ್ಯೆ, ಪಿನ್, ಯುಪಿಐ ಪಿನ್ ಯಾವ ವಿದ್ಯಾರ್ಥಿವೇತನಕ್ಕೂ ಬೇಕಿಲ್ಲ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ.

• ಗುರುತು ತೋರಿಸಲಷ್ಟೇ ಪ್ರತಿ ಕೇಳುವಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಚಿದ ಆಧಾರ್ ಕೊಡಬಹುದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅದು ದೊರೆಯುತ್ತದೆ.

• ನೆರಳಚ್ಚು ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಅಡ್ಡಲಾಗಿ ಬರೆದು ಸಹಿ ಹಾಕಬೇಕು.

• ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಆಧಾರ್ ಅಥವಾ ಪಾಸ್‌ಪುಸ್ತಕದ ಚಿತ್ರ ಹಾಕಬಾರದು. ಶಿಕ್ಷಕರು ಕೇಳಿದರೆ ಶಾಲೆಗೆ ಹೋಗಿ ನೇರವಾಗಿ ಕೊಡುವುದು ಲೇಸು.

ಅರ್ಜಿ ಸಲ್ಲಿಸುವ ಕ್ರಮ

ಮೊದಲ ಹಂತ: ವಿದ್ಯಾರ್ಥಿಯ ಹೆಸರಿನಲ್ಲಿಯೇ ಬ್ಯಾಂಕ್ ಖಾತೆ ತೆರೆದು, ಅದನ್ನು ಆಧಾರ್ ಮೂಲಕ ನೇರ ಪಾವತಿಗೆ ಜೋಡಿಸಬೇಕು. ಖಾತೆಗೆ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಪಾವತಿಗೆ ಜೋಡಿಸಿರುವುದು ಬೇರೆ. ಎರಡು ಖಾತೆಗಳಿದ್ದರೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು.

ಎರಡನೆಯ ಹಂತ: ಮೊಬೈಲ್ ಸಂಖ್ಯೆ ಮನೆಯದೇ ಆಗಿರಬೇಕು. ಅಕ್ಷಯ ಕೇಂದ್ರ, ಇ-ಸೇವೈ, ಮೀಸೇವಾ ಅಥವಾ ಆಪಲೇ ಸರಕಾರ ಕೇಂದ್ರದವರ ಸಂಖ್ಯೆಯನ್ನು ಕೊಟ್ಟರೆ ಮುಂದಿನ ಎಲ್ಲ ಸಂದೇಶಗಳೂ ಅವರಿಗೆ ಹೋಗುತ್ತವೆ.

ಮೂರನೆಯ ಹಂತ: ರಾಷ್ಟ್ರೀಯ ಪೋರ್ಟಲಿನಲ್ಲಿ ಒಂದು ಬಾರಿಯ ನೋಂದಣಿ ಮಾಡಿದಾಗ 14 ಅಂಕಿಗಳ ಸಂಖ್ಯೆ ದೊರೆಯುತ್ತದೆ. ವ್ಯಾಸಂಗದ ಉದ್ದಕ್ಕೂ ಅದೇ ಸಂಖ್ಯೆ ಬೇಕಾಗುವುದರಿಂದ ಅದನ್ನೂ ಪಾಸ್‌ವರ್ಡನ್ನೂ ಮನೆಯ ಪುಸ್ತಕದಲ್ಲಿ ಬರೆದಿಡಬೇಕು. ಪೋರ್ಟಲಿನಲ್ಲಿ ಅರ್ಜಿಗೆ ಶುಲ್ಕವಿಲ್ಲ; ಸೇವಾ ಕೇಂದ್ರದ ನಿಗದಿತ ಸೇವಾಶುಲ್ಕಕ್ಕೆ ರಶೀದಿ ಕೇಳಬೇಕು.

ನಾಲ್ಕನೆಯ ಹಂತ: ಕೇಂದ್ರದಿಂದ ಹೊರಡುವ ಮುನ್ನ ಅರ್ಜಿಯ ಮುದ್ರಿತ ಪ್ರತಿಯನ್ನು ಪಡೆದು, ಅಲ್ಲಿನ ಗಣಕಯಂತ್ರದಲ್ಲಿ ಮತ್ತು ಮೊಬೈಲಿನಲ್ಲಿ ಉಳಿದ ದಾಖಲೆಗಳ ಚಿತ್ರಗಳನ್ನು ತಮ್ಮೆದುರೇ ಅಳಿಸಲು ಹೇಳಬೇಕು. ಖಾತೆಯಿಂದ ಹೊರಬಂದಿರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ಐದನೆಯ ಹಂತ: ಅರ್ಜಿ ಸಲ್ಲಿಸಿದರಷ್ಟೇ ಸಾಲದು. ಕಾಲೇಜಿನ ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಹದಿನೈದು ದಿನಗಳಿಗೊಮ್ಮೆ ಅರ್ಜಿಯ ಸ್ಥಿತಿಯನ್ನು ನೋಡಬೇಕು. 'ತಿದ್ದುಪಡಿಗಾಗಿ ಹಿಂತಿರುಗಿಸಲಾಗಿದೆ' ಎಂದಿದ್ದರೆ ಕೊನೆಯ ದಿನಾಂಕದೊಳಗೆ ಸರಿಪಡಿಸಿ ಮರುಸಲ್ಲಿಸಬೇಕು.

ತೊಂದರೆಯಾದಾಗ

ಆಧಾರ್‌ಗೆ ಸಂಬಂಧಿಸಿದ ವಿಚಾರಣೆಗೆ 1947 ಸಂಖ್ಯೆಗೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬೆರಳಚ್ಚಿನ ದುರುಪಯೋಗದ ಶಂಕೆಯಿದ್ದರೆ ಆಧಾರ್ ಆ್ಯಪ್‌ನಲ್ಲಿ ಜೈವಿಕ ಗುರುತನ್ನು ಬೀಗ ಹಾಕಿಡಬಹುದು. ತನ್ನ ಹೆಸರಿನಲ್ಲಿ ಬೇರೊಂದು ಅರ್ಜಿ ಇದೆಯೆಂದು ಪೋರ್ಟಲ್ ತೋರಿಸಿದರೆ ಕಾಲೇಜಿನ ಮತ್ತು ಜಿಲ್ಲೆಯ ನೋಡಲ್ ಅಧಿಕಾರಿಗಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಶಾಲೆ ಮತ್ತು ಶಿಕ್ಷಕರ ಹೊಣೆ

ಫಲಾನುಭವಿಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕುವಾಗ ಆಧಾರ್ ಅಥವಾ ಖಾತೆ ಸಂಖ್ಯೆ ಕಾಣದಂತೆ ನೋಡಿಕೊಳ್ಳಬೇಕು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ಆಧಾರ್ ಕಾಯಿದೆಯ 29ನೆಯ ಕಲಮು ನಿರ್ಬಂಧಿಸುತ್ತದೆ. ಮಗುವಿನ ಜಾತಿ, ಮನೆಯ ಆದಾಯ ಸಹಪಾಠಿಗಳಿಗೆ ತಿಳಿಯುವಂತೆ ತರಗತಿಯಲ್ಲಿ ಓದಿ ಹೇಳುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದು ನಿಲ್ಲಬೇಕು. ಆ ಸಂಕೋಚದಿಂದಲೇ ಅರ್ಜಿ ಹಾಕದೆ ಉಳಿಯುವ ಮಕ್ಕಳಿದ್ದಾರೆ.

ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ. ಅದನ್ನೇ ಅನುಕೂಲವಾಗಿ ಮಾಡಿಕೊಳ್ಳಬಹುದು. ಎಂಟನೆಯ ತರಗತಿಯಿಂದಲೇ ಪ್ರತಿ ಮಗುವಿನ ಹೆಸರು, ಜನ್ಮದಿನಾಂಕ, ಖಾತೆಯ ಜೋಡಣೆ, ಅರ್ಹ ಯೋಜನೆ ಇವುಗಳನ್ನು ಪೋಷಕರೊಂದಿಗೆ ವರ್ಷಕ್ಕೊಮ್ಮೆ ಕುಳಿತು ಪರಿಶೀಲಿಸಲು ಒಂದು ಮಧ್ಯಾಹ್ನ ಸಾಕು. ಹಳೆವಿದ್ಯಾರ್ಥಿ ಸಂಘಗಳೂ ಶಿಕ್ಷಕ-ರಕ್ಷಕ ಸಂಘಗಳೂ ಜೂನ್ ತಿಂಗಳ ಮೊದಲ ಸಭೆಯ ಕಾರ್ಯಸೂಚಿಯಲ್ಲಿ ಈ ಪರಿಶೀಲನೆಯನ್ನು ಸೇರಿಸಿಕೊಳ್ಳುವುದು ಅಪೇಕ್ಷಣೀಯ.